ಹಳೆ ಬಟ್ಟೆ ಹೊಲಿಯುವಾಗ ಮಷಿನ್ ಕೈಕೊಟ್ಟರೆ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಹಳೆ ಸೀರೆಯ ಕೌದಿ, ಹರಿದ ಜೀನ್ಸಿನ ಸಂತೆಚೀಲ, ಟೀ-ಶರ್ಟಿನ ಒರಸುಬಟ್ಟೆ, ಲುಂಗಿಯ ದಿಂಬಿನ ಕವರ್. ಮನೆಯ ಮಷಿನ್ ಹೆಚ್ಚು ತಕರಾರು ಮಾಡುವುದು ಇಂಥ ಕೆಲಸದಲ್ಲೇ. ಕಾರಣ ಸರಳ. ಹೊಸ ಪಾಪ್ಲಿನ್ ಉದ್ದಕ್ಕೂ ಒಂದೇ ದಪ್ಪ, ಒಂದೇ ಬಿಗಿ. ಹಳೆ ಬಟ್ಟೆಯಲ್ಲಿ ಒಂದು ಕಡೆ ಸವೆತ, ಇನ್ನೊಂದು ಕಡೆ ಜರಿ, ಮತ್ತೊಂದು ಕಡೆ ಐದಾರು ಪದರದ ಗಟ್ಟಿ ಹೊಲಿಗೆ. ಹೀಗಾಗಿ ಹೊಲಿಗೆ ಕೆಟ್ಟ ಕೂಡಲೇ ದಾರದ ಬಿಗಿ ಹೊಂದಿಸುವ ಟೆನ್ಶನ್ ಸ್ಕ್ರೂ ತಿರುಗಿಸಲು ಹೊರಟರೆ, ಬಟ್ಟೆಯ ತಪ್ಪಿಗೆ ಮಷಿನನ್ನು ಕೆಡಿಸಿದಂತಾಗುತ್ತದೆ.

ಇಲ್ಲಿ ಹೇಳಿರುವುದು ಉಷಾ, ಮೆರಿಟ್, ಸಿಂಗರ್ ಮಾದರಿಯ ಕಪ್ಪು ನೇರ ಹೊಲಿಗೆ ಮಷಿನ್‌ಗೆ. ಕಾಲಲ್ಲಿ ತುಳಿಯುವುದಾದರೂ, ಕೈಯಲ್ಲಿ ತಿರುಗಿಸುವುದಾದರೂ, ಮೋಟರ್ ಹಾಕಿದ್ದಾದರೂ ಅಷ್ಟೇ. ಹೊಸ ಜಿಗ್‌ಜಾಗ್ ಮಷಿನ್‌ಗಳಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲು ತುಂಡು ಪರೀಕ್ಷೆ

ಹೊಸ ಪಾಪ್ಲಿನ್ ಅಥವಾ ಬ್ಲೌಸ್ ಲೈನಿಂಗ್‌ನ ಕಾಟನ್ ತುಂಡೊಂದನ್ನು, ಅಂಗೈಯಗಲ ಇದ್ದರೆ ಸಾಕು, ಎರಡು ಪದರ ಮಾಡಿ. 14ನೇ ನಂಬರಿನ ಹೊಸ ಸೂಜಿ ಹಾಕಿ. ಮೇಲೆ ಕೆಂಪು ದಾರ, ಕೆಳಗಿನ ಪುಟ್ಟ ಉರುಳೆ ಬಾಬಿನ್‌ನಲ್ಲಿ ಬಿಳಿ ದಾರ. ಎರಡೂ ಒಂದೇ ಜಾತಿಯ, ಒಂದೇ ದಪ್ಪದ ದಾರವಾಗಿರಲಿ. 15 ಸೆಂ.ಮೀ. ಉದ್ದ ಒಂದು ಸಾಲು ಹೊಲಿಯಿರಿ.

ಮೇಲೆ ಬರೀ ಕೆಂಪು, ಕೆಳಗೆ ಬರೀ ಬಿಳಿ ಕಂಡರೆ ಮಷಿನ್ ಸರಿಯಿದೆ. ಎರಡು ದಾರಗಳ ಗಂಟು ಪದರಗಳ ನಡುವೆ ಅಡಗಿ ಕೂತಿದೆ ಎಂದರ್ಥ. ಆಗ ತೊಂದರೆ ಇರುವುದು ಬಟ್ಟೆಯಲ್ಲಿ, ಅಥವಾ ಆ ಬಟ್ಟೆಗೆ ಒಪ್ಪದ ಸೂಜಿ-ದಾರದಲ್ಲಿ. ನೇರವಾಗಿ ಕೌದಿ, ಜೀನ್ಸ್, ಟೀ-ಶರ್ಟಿನ ಭಾಗಕ್ಕೆ ಹೋಗಿ.

ಕೆಳಗೆ ಕೆಂಪು ಇಣುಕಿದರೆ ಮೇಲಿನ ದಾರ ಸಡಿಲ, ಇಲ್ಲವೇ ಬಾಬಿನ್ ದಾರ ಬಿಗಿ. ಮೇಲೆ ಬಿಳಿ ಚುಕ್ಕಿ ಕಂಡರೆ ಮೇಲಿನ ದಾರ ಬಿಗಿ, ಇಲ್ಲವೇ ಬಾಬಿನ್ ದಾರ ಸಡಿಲ. ಒಂದೇ ಬಣ್ಣದ ದಾರ ಹಾಕಿ ಇದನ್ನು ಕಂಡುಹಿಡಿಯುವುದು ಕಣ್ಣಿಗೆ ಶಿಕ್ಷೆ. ಎರಡು ಬಣ್ಣ ಬಳಸಿ.

ತುಂಡಿನ ಮೇಲೂ ಹೊಲಿಗೆ ಕೆಟ್ಟರೆ ಈ ಕ್ರಮದಲ್ಲಿ ಹೋಗಿ: ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ, ಸೂಜಿ ಬದಲಿಸಿ, ಧೂಳು ತೆಗೆಯಿರಿ, ಎಣ್ಣೆ ಹಾಕಿ. ಸ್ಕ್ರೂ ತಿರುಗಿಸುವುದು ಇದಿಷ್ಟೂ ಆದಮೇಲೆ. ಒಂದು ಬಾರಿಗೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಒಂದು ಸಾಲು ಹೊಲಿದು ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು.

ಬಟ್ಟೆಯ ಕೆಳಗೆ ದಾರದ ಗುಂಜು

ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ದೋಷ ಇದು. ಗುಂಜು ಕೆಳಗೆ ಕಾಣುವುದರಿಂದ ಎಲ್ಲರೂ ಬಾಬಿನ್ ಕೇಸ್ ತೆಗೆದು ಅದರ ಸ್ಕ್ರೂಗೆ ಕೈಹಾಕುತ್ತಾರೆ. ಆದರೆ ಕೆಳಗೆ ಗುಂಜಾಗುವುದು ಮೇಲಿನ ದಾರ. ಬಾಬಿನ್ ಸುತ್ತ ಆಡುವ ಶಟಲ್ ಎಳೆದುಕೊಂಡ ಕೆಂಪು ದಾರವನ್ನು ವಾಪಸ್ ಮೇಲಕ್ಕೆ ಸೆಳೆಯುವ ಬಿಗಿ ಇಲ್ಲದಿದ್ದರೆ ಅದು ಕೆಳಗೇ ಉಳಿದು ಸುತ್ತಿಕೊಳ್ಳುತ್ತದೆ.

ಮೊದಲು ನೋಡಬೇಕಾದ್ದು ಹಿಂದಿನ ಲಿವರ್. ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಸರ್ ಫೂಟ್ ಎತ್ತಿದ್ದಾಗ, ದಾರಕ್ಕೆ ಬಿಗಿ ಕೊಡುವ ಟೆನ್ಶನ್ ತಟ್ಟೆಗಳು ಬಿಚ್ಚಿಕೊಂಡಿರುತ್ತವೆ. ಕೌದಿಯಂಥ ದಪ್ಪ ವಸ್ತು ಕೆಳಗಿದ್ದಾಗ ಫೂಟ್ ಬಟ್ಟೆಗೆ ತಾಗಿದಂತೆಯೇ ಕಾಣುತ್ತದೆ, ಲಿವರ್ ಇಳಿಸಿಲ್ಲ ಎಂಬುದು ಗಮನಕ್ಕೇ ಬರುವುದಿಲ್ಲ. ನಾಲ್ಕು ಹೊಲಿಗೆಯಲ್ಲಿ ಗುಂಜು ತಯಾರು.

ಎರಡನೆಯದು ಇದರ ಉಲ್ಟಾ. ಫೂಟ್ ಕೆಳಗಿರುವಾಗಲೇ ದಾರ ಪೋಣಿಸಿದರೆ ತಟ್ಟೆಗಳು ಮುಚ್ಚಿರುತ್ತವೆ, ದಾರ ಒಳಗೆ ಇಳಿಯದೆ ಅಂಚಿನ ಮೇಲೆ ಕೂರುತ್ತದೆ. ಪೋಣಿಸುವಾಗ ಫೂಟ್ ಮೇಲೆ, ಹೊಲಿಯುವಾಗ ಕೆಳಗೆ. ಪರೀಕ್ಷೆ ಸುಲಭ: ಪೋಣಿಸಿದ ಮೇಲೆ ಫೂಟ್ ಇಳಿಸಿ ಸೂಜಿಯ ಬಳಿ ದಾರ ಎಳೆಯಿರಿ. ಸೂಜಿ ಸ್ವಲ್ಪ ಬಾಗುವಷ್ಟು ತಡೆ ಸಿಗಬೇಕು. ಫೂಟ್ ಎತ್ತಿ ಎಳೆದರೆ ಸರಾಗ ಬರಬೇಕು. ಎರಡೂ ಸಲ ಸರಾಗ ಬಂದರೆ ದಾರ ತಟ್ಟೆಗಳ ನಡುವೆ ಇಲ್ಲ, ಅಥವಾ ಅಲ್ಲಿ ಹಳೆ ದಾರದ ಚೂರು ಸಿಕ್ಕಿ ತಟ್ಟೆ ಮುಚ್ಚುತ್ತಿಲ್ಲ. ಫೂಟ್ ಎತ್ತಿ, ಬಟ್ಟೆಯ ಅಂಚನ್ನು ತಟ್ಟೆಗಳ ನಡುವೆ ತೂರಿಸಿ ಹಿಂದೆ ಮುಂದೆ ಎಳೆದರೆ ಚೂರು ಹೊರಬರುತ್ತದೆ. ಬ್ಲೇಡು, ಪಿನ್ನು ಹಾಕಬೇಡಿ. ತಟ್ಟೆಯ ಮೇಲೆ ಗೀರು ಬಿದ್ದರೆ ಆಮೇಲೆ ದಾರ ಕಡಿಯುವ ಹೊಸ ಕಾಯಿಲೆ ಶುರು.

ಮೂರನೆಯದು, ಮೇಲೆ ಕೆಳಗೆ ಕುಣಿಯುವ ಟೇಕಪ್ ಲಿವರ್‌ನ ತೂತಿಗೆ ದಾರ ಹಾಕಲು ಮರೆತಿರುವುದು, ಅಥವಾ ಟೆನ್ಶನ್ ತಟ್ಟೆಯ ಪಕ್ಕದ ಸಣ್ಣ ತಂತಿ ಸ್ಪ್ರಿಂಗ್‌ಗೆ ದಾರ ಸಿಕ್ಕಿಸದಿರುವುದು.

ಸಾಲಿನ ಶುರುವಿನಲ್ಲಿ ಮಾತ್ರ ಗುಂಜಾಗಿ ಮುಂದೆ ಸರಿಹೋದರೆ ಅದು ದೋಷವೇ ಅಲ್ಲ. ಎರಡೂ ದಾರದ ತುದಿಯನ್ನು ಹತ್ತು ಸೆಂ.ಮೀ. ಬಿಟ್ಟು ಫೂಟಿನ ಹಿಂದಕ್ಕೆ ಎಳೆದು, ಮೊದಲ ಎರಡು ಮೂರು ಹೊಲಿಗೆ ಬೀಳುವವರೆಗೆ ಹಿಡಿದುಕೊಳ್ಳಿ.

ಇಷ್ಟಾದ ಮೇಲೂ ಸರಿಯಾಗದಿದ್ದರೆ ಬಾಬಿನ್ ಕೇಸ್ ನೋಡಿ. ದಾರ ಸೀಳಿನೊಳಗೆ ಹೋಗಿ ಚಪ್ಪಟೆ ಸ್ಪ್ರಿಂಗ್‌ನ ಕೆಳಗಿಂದ ಹೊರಬಂದಿರಬೇಕು. ಕೇಸನ್ನು ದಾರದಿಂದ ನೇತುಬಿಡಿ. ತಾನಾಗಿಯೇ ಸರ್ರನೆ ಜಾರಿದರೆ ಸಡಿಲ. ಕೈಯನ್ನು ಸಣ್ಣಗೆ ಕುಲುಕಿದಾಗ ಮೂರು ನಾಲ್ಕು ಸೆಂ.ಮೀ. ಇಳಿದು ನಿಂತರೆ ಸರಿ. ಕುಲುಕಿದರೂ ಅಲ್ಲಾಡದಿದ್ದರೆ ಬಿಗಿ. ಸ್ಪ್ರಿಂಗ್ ಮೇಲಿನ ಎರಡು ಸ್ಕ್ರೂಗಳಲ್ಲಿ ಒಂದು ಸ್ಪ್ರಿಂಗನ್ನು ಹಿಡಿದಿಡುವುದಕ್ಕೆ, ಇನ್ನೊಂದು, ಸಾಮಾನ್ಯವಾಗಿ ತಲೆ ದೊಡ್ಡದಿರುವುದು, ಬಿಗಿ ಹೊಂದಿಸುವುದಕ್ಕೆ. ತಿರುಗಿಸುವುದಾದರೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಕೆಳಗೆ ತಟ್ಟೆ ಹಿಡಿದುಕೊಂಡು ತಿರುಗಿಸಿ. ಆ ಸ್ಕ್ರೂ ನೆಲಕ್ಕೆ ಬಿದ್ದರೆ ಸಿಗುವ ಜಾತಿಯದಲ್ಲ.

ಮೇಲಿನ ದಾರ ಪದೇ ಪದೇ ಕಡಿಯುವುದು

ಕಡಿದ ತುದಿಯನ್ನು ಹತ್ತಿರದಿಂದ ನೋಡಿ. ಕತ್ತರಿಸಿದಂತೆ ಚೊಕ್ಕವಾಗಿದ್ದರೆ ಎಲ್ಲೋ ಹರಿತವಾದ ಅಂಚಿದೆ. ಸೂಜಿ ಇಳಿಯುವ ತಟ್ಟೆಯ ತೂತಿನ ಸುತ್ತ ಉಗುರು ಆಡಿಸಿ, ಗೀರು ಸಿಕ್ಕರೆ ತೀರಾ ನಯವಾದ ಸ್ಯಾಂಡ್ ಪೇಪರನ್ನು ಹುರಿ ಮಾಡಿ ತೂತಿನಲ್ಲಿ ಉಜ್ಜಿ. ತುದಿ ಎಳೆ ಎಳೆಯಾಗಿ ಬಿಚ್ಚಿದ್ದರೆ ಸೂಜಿಯ ಕಣ್ಣು ದಾರಕ್ಕೆ ಸಣ್ಣದು, ಅಥವಾ ಸೂಜಿ ಸವೆದಿದೆ. ಜರಿ ಅಂಚಿನ ಮೇಲೆ ಹೊಲಿದರೆ ಸೂಜಿಯ ಮೊನೆ ಬೇಗ ಮೊಂಡಾಗುತ್ತದೆ. ಮೊನೆಯನ್ನು ಹಳೆ ನೈಲಾನ್ ಬಟ್ಟೆಯ ಮೇಲೆ ಮೆಲ್ಲಗೆ ಎಳೆಯಿರಿ, ಎಳೆ ಕಿತ್ತುಬಂದರೆ ಸೂಜಿ ಎಸೆಯುವ ಹೊತ್ತಾಯಿತು.

ಇನ್ನು ದಾರವೇ ಹಳತಾಗಿರಬಹುದು. ಅಜ್ಜಿಯ ಡಬ್ಬದಲ್ಲಿ ಸಿಕ್ಕ ಕಾಟನ್ ರೀಲುಗಳನ್ನು ಬಿಸಾಡಲು ಮನಸ್ಸು ಬಾರದು, ಸರಿ. ಆದರೆ ಒಂದು ಮೊಳ ಎಳೆದು ಎರಡೂ ಕೈಯಲ್ಲಿ ಜಗ್ಗಿದಾಗ ಟಪ್ ಎನ್ನದೆ ಸುಮ್ಮನೆ ಬೇರೆಯಾದರೆ ಅದನ್ನು ಕಚ್ಚಾ ಹೊಲಿಗೆಗೆ ಮಾತ್ರ ಇಟ್ಟುಕೊಳ್ಳಿ. ಕೌದಿ, ಚೀಲಗಳಿಗೆ ಸ್ಪನ್ ಪಾಲಿಯೆಸ್ಟರ್ ದಾರವೇ ಸೈ.

ಹೊಲಿಗೆ ಬಿಡುವುದು

ನಾಲ್ಕು ಹೊಲಿಗೆ ಸರಿ, ಐದನೆಯದು ಮಾಯ. ಇದಕ್ಕೆ ಕಾರಣ ಹೆಚ್ಚಾಗಿ ಸೂಜಿ. ಮನೆ ಮಷಿನ್ನಿನ ಸೂಜಿಯ ಬುಡದಲ್ಲಿ ಒಂದು ಕಡೆ ಚಪ್ಪಟೆ ಇರುತ್ತದೆ, ಅದರ ಎದುರಿನ ಕಡೆ ಕಣ್ಣಿನವರೆಗೆ ಉದ್ದ ಗೀರು. ದಾರ ಒಳಹೋಗಬೇಕಾದ್ದು ಉದ್ದ ಗೀರಿನ ಕಡೆಯಿಂದ, ಶಟಲ್‌ನ ಮೊನೆ ಹಾಯುವುದು ಚಪ್ಪಟೆ ಕಡೆಯಲ್ಲಿ. ಸೂಜಿ ಕಡ್ಡಿಯ ತುದಿಯಲ್ಲಿರುವ ಕೊನೆಯ ದಾರದ ಕೊಕ್ಕೆ ಯಾವ ಕಡೆಗಿದೆ ನೋಡಿ, ಉದ್ದ ಗೀರು ಆ ಕಡೆಗೆ ಬರಬೇಕು. ಸೂಜಿಯನ್ನು ತುದಿ ತಾಗುವವರೆಗೆ ಮೇಲಕ್ಕೆ ಒತ್ತಿ ಆಮೇಲೆ ಸ್ಕ್ರೂ ಬಿಗಿ ಮಾಡಿ. ಒಂದೆರಡು ಮಿಲಿಮೀಟರ್ ಕೆಳಗೆ ನಿಂತರೂ ಶಟಲ್ ದಾರದ ಕುಣಿಕೆಯನ್ನು ಹಿಡಿಯಲಾರದು.

ಸೂಜಿ ಬಾಗಿದೆಯೇ ಎಂದು ನೋಡಲು ಅದರ ಚಪ್ಪಟೆ ಭಾಗವನ್ನು ಕನ್ನಡಿಯ ಮೇಲಿಟ್ಟು ಪಕ್ಕದಿಂದ ನೋಡಿ. ಸೂಜಿಗೂ ಗಾಜಿಗೂ ನಡುವಿನ ಸಂದು ಮೊನೆಯವರೆಗೂ ಒಂದೇ ಸಮ ಇರಬೇಕು. ದರ್ಜಿ ಅಂಗಡಿಯ ದೊಡ್ಡ ಮಷಿನ್‌ಗಳ ದುಂಡು ಬುಡದ ಸೂಜಿಯನ್ನು ಮನೆ ಮಷಿನ್ನಿಗೆ ಹಾಕಬೇಡಿ. ಅದು ಕೂತರೂ ಉದ್ದ ಬೇರೆ.

ನಂಬರ್ ಹೀಗೆ: ಮಲ್, ವಾಯಿಲ್, ತೆಳು ಸೀರೆಗೆ 11. ಪಾಪ್ಲಿನ್, ಲುಂಗಿ, ಬೆಡ್‌ಶೀಟಿಗೆ 14. ಕೌದಿಯ ಆರು ಪದರ, ಜೀನ್ಸಿಗೆ 16. ಜೀನ್ಸಿನ ಮಡಿಕೆ ಮೇಲೆ ಮಡಿಕೆ ಬಂದಲ್ಲಿ 18.

ಬಟ್ಟೆ ಮುಂದೆ ಹೋಗುತ್ತಿಲ್ಲ

ಹೊಲಿಗೆ ಉದ್ದದ ಲಿವರ್ ಸೊನ್ನೆಯಲ್ಲಿದೆಯೇ ನೋಡಿ. ಇಲ್ಲವಾದರೆ ಸೂಜಿ ಇಳಿಯುವ ತಟ್ಟೆಯ ಎರಡು ಸ್ಕ್ರೂ ಬಿಚ್ಚಿ. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ನಡುವೆ ಹಳೆ ಬಟ್ಟೆಯ ನವಿರು ಒತ್ತೊತ್ತಾಗಿ ಕೂತು ಹಲ್ಲು ಮೇಲೇಳದಂತೆ ತಡೆದಿರುತ್ತದೆ. ಹಲ್ಲುಜ್ಜುವ ಹಳೆ ಬ್ರಷ್ ಸಾಕು, ಬಾಯಿಂದ ಊದಬೇಡಿ, ತೇವ ಸೇರುತ್ತದೆ.

ತುಳಿಯಲು ಭಾರ, ಅಥವಾ ಚಕ್ರವೇ ತಿರುಗದು

ನಮ್ಮ ಕಡೆ ಇದಕ್ಕೆ ಒಂದೇ ದೊಡ್ಡ ಕಾರಣ: ಕೊಬ್ಬರಿ ಎಣ್ಣೆ. ಕೈಗೆ ಸಿಕ್ಕಿತು ಎಂದು ತಲೆಗೆ ಹಚ್ಚುವ ಎಣ್ಣೆಯನ್ನೇ ಮಷಿನ್ನಿಗೂ ಬಿಡುತ್ತಾರೆ. ಅದು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಡಿಸೆಂಬರಿನ ಬೆಳಗ್ಗೆ ಮಷಿನ್ ಕಲ್ಲಾಗುವುದು ಅದಕ್ಕೇ. ಬೇರೆ ಅಡುಗೆ ಎಣ್ಣೆಗಳು ಗಾಳಿಗೆ ಒಣಗಿ ಕಂದು ಅಂಟಾಗುತ್ತವೆ. ಹೊಲಿಗೆ ಮಷಿನ್ ಎಣ್ಣೆ ಎಂದೇ ಮಾರುವ ಬಣ್ಣವಿಲ್ಲದ ಖನಿಜ ಎಣ್ಣೆ ಬಿಟ್ಟು ಬೇರೇನೂ ಬೇಡ. ಸಣ್ಣ ಬಾಟಲಿ ವರ್ಷಗಟ್ಟಲೆ ಬರುತ್ತದೆ. ಇಲ್ಲಿ ಉಳಿತಾಯ ಮಾಡುವುದು ಉಳಿತಾಯವೇ ಅಲ್ಲ.

ಅಂಟು ಬಿಡಿಸಲು ಸೂಜಿ, ದಾರ, ಬಾಬಿನ್ ಕೇಸ್ ತೆಗೆಯಿರಿ. ಬೆಲ್ಟ್ ಕಳಚಿ. ಪ್ರತಿ ಎಣ್ಣೆ ತೂತಿಗೂ, ಲೋಹಕ್ಕೆ ಲೋಹ ಉಜ್ಜುವ ಪ್ರತಿ ಜಾಗಕ್ಕೂ ಎರಡು ಮೂರು ಹನಿ ಸೀಮೆಎಣ್ಣೆ ಬಿಡಿ. ಮಷಿನ್ ತಲೆಯನ್ನು ಹಿಂದಕ್ಕೆ ಮಗುಚಿ ಕೆಳಭಾಗಕ್ಕೂ ಬಿಡಿ. ಒಲೆ, ದೀಪದ ಹತ್ತಿರ ಈ ಕೆಲಸ ಬೇಡ, ಕಿಟಕಿ ತೆರೆದಿರಲಿ, ಮೋಟರ್ ಇದ್ದರೆ ಪ್ಲಗ್ ಕಿತ್ತಿರಿ. ಅರ್ಧ ಗಂಟೆ ಬಿಟ್ಟು ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ. ಕಪ್ಪು ರಸ ಇಳಿಯುತ್ತದೆ, ಒರಸಿ. ಸರಾಗ ಆಗುವವರೆಗೆ ಇದನ್ನೇ ಮಾಡಿ. ಸೀಮೆಎಣ್ಣೆ ಜಾರಿಕೆ ಕೊಡುವ ಎಣ್ಣೆಯಲ್ಲ. ಅದು ಒಣಗಿದ ಮೇಲೆ ಎಲ್ಲ ಜಾಗಕ್ಕೂ ಒಂದೊಂದು ಹನಿ ಮಷಿನ್ ಎಣ್ಣೆ ಬಿಡಲೇಬೇಕು. ಬಳಿಕ ಕೆಲಸದ ಬಟ್ಟೆ ಹಾಕುವ ಮೊದಲು ಹಾಳು ಬಟ್ಟೆಯ ಮೇಲೆ ದಾರವಿಲ್ಲದೆ ನಾಲ್ಕು ಸಾಲು ಓಡಿಸಿ, ಉಳಿದ ಕೊಳೆ ಅದಕ್ಕೇ ಅಂಟಲಿ.

ಚಕ್ರ ಇದ್ದಕ್ಕಿದ್ದಂತೆ ಅರ್ಧಕ್ಕೆ ನಿಂತರೆ ಅದು ಎಣ್ಣೆಯ ಸಮಸ್ಯೆಯಲ್ಲ, ಶಟಲ್‌ನಲ್ಲಿ ದಾರ ಸಿಕ್ಕಿದೆ. ಜೋರು ಮಾಡಬೇಡಿ. ಸೂಜಿ ಮೇಲೆ ತಂದು ಬಾಬಿನ್ ಕೇಸ್ ತೆಗೆಯಿರಿ, ಶಟಲ್ ಹಿಡಿದಿರುವ ಬಳೆಯ ಎರಡು ಕ್ಲಿಪ್ ಹೊರಕ್ಕೆ ಮಡಚಿ (ಕೆಲವು ಹಳೆಯದರಲ್ಲಿ ಸ್ಕ್ರೂ ಇರುತ್ತದೆ), ಅರ್ಧಚಂದ್ರದಂಥ ಶಟಲನ್ನು ಹೊರತೆಗೆದು ಹಿಂದೆ ಸಿಕ್ಕಿದ ದಾರ ಕೀಳಿ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಮತ್ತೆ ಕೂರಿಸುವುದು ಸುಲಭ.

ಚಕ್ರ ತಿರುಗುತ್ತದೆ, ಸೂಜಿ ಮಾತ್ರ ಅಲ್ಲಾಡದು ಎಂದರೆ ಬಾಬಿನ್ ಸುತ್ತಲು ಸಡಿಲಿಸಿದ ಚಕ್ರದ ಮಧ್ಯದ ಗುಬುಟನ್ನು ಬಿಗಿ ಮಾಡಿಲ್ಲ. ಬಿಗಿ ಮಾಡಿದರೂ ಹಿಡಿಯದಿದ್ದರೆ ಒಳಗಿನ ಕಿವಿಯಿರುವ ವಾಷರನ್ನು ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿ. ಚರ್ಮದ ಬೆಲ್ಟ್ ಸಡಿಲಾಗಿ ಜಾರುತ್ತಿದ್ದರೆ ಒಂದು ಸೆಂ.ಮೀ. ಕತ್ತರಿಸಿ ಮತ್ತೆ ಪಿನ್ ಹಾಕಿ, ಒಮ್ಮೆಗೇ ಜಾಸ್ತಿ ಕತ್ತರಿಸಿದರೆ ಬೆಲ್ಟ್ ಬಿಗಿಯಾಗಿ ಕಾಲು ನೋಯುತ್ತದೆ.

ಕೌದಿ: ಪದರ ಜಾರುವುದು, ಸುಕ್ಕು, ಹರಿಯುವುದು

ಐದೂವರೆ ಮೀಟರಿನ ಕಾಟನ್ ಸೀರೆಯನ್ನು ಮೂರು ಮಡಿಕೆ ಮಾಡಿದರೆ ಸುಮಾರು 1.8 ಮೀಟರ್ ಉದ್ದ, 1.1 ಮೀಟರ್ ಅಗಲದ ಮೂರು ಪದರ. ಇಂಥ ಎರಡು ಸೀರೆ, ಆರು ಪದರ, ಮಕ್ಕಳಿಗೆ ಹೊದಿಸಲು ಸಾಕು. ಮನೆ ಮಷಿನ್ ಆರಾಮಾಗಿ ತಿನ್ನುವುದೂ ಅಷ್ಟನ್ನೇ.

ಕೊನೆಯ ಅಂಚಿಗೆ ಬಂದಾಗ ಮೇಲಿನ ಪದರ ನಾಲ್ಕು ಬೆರಳು ಹೊರಗೆ ಚಾಚಿರುತ್ತದೆ. ಹಲ್ಲುಗಳು ಎಳೆಯುವುದು ತಳದ ಪದರವನ್ನು, ಫೂಟ್ ಮೇಲಿನದನ್ನು ಒತ್ತಿ ತಡೆಯುತ್ತದೆ. ಪ್ರತಿ ಹೊಲಿಗೆಗೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎರಡು ಮೀಟರಿಗೆ ಅದು ಬೆಳೆದುಬಿಡುತ್ತದೆ. ಫೂಟಿನ ಒತ್ತಡದ ಸ್ಕ್ರೂ, ಮಷಿನ್ ತಲೆಯ ಎಡತುದಿಯಲ್ಲಿ ಮೇಲೆ ಇರುವುದು, ಒಂದೆರಡು ಸುತ್ತು ಸಡಿಲಿಸಿ. ನೆಲದ ಮೇಲೆ ಹಾಸಿ, ನಡುವಿನಿಂದ ಹೊರಕ್ಕೆ ನೇವರಿಸುತ್ತ, ಪ್ರತಿ ಗೇಣಿಗೊಂದು ಸಾಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ. ಪಿನ್ ಸಾಲದು. ಮಷಿನ್ ಸಾಲನ್ನೂ ನಡುವಿನಿಂದಲೇ ಶುರುಮಾಡಿ, ಎಲ್ಲ ಸಾಲನ್ನೂ ಒಂದೇ ದಿಕ್ಕಿಗೆ ಹೊಲಿಯಿರಿ. ಒಂದು ಹೋಗುತ್ತ, ಮುಂದಿನದು ಬರುತ್ತ ಹೊಲಿದರೆ ಎರಡು ಸಾಲಿನ ನಡುವೆ ಓರೆ ಸುಕ್ಕು ಏಳುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ತಮ್ಮ ಕೌದಿ, ಅಂದರೆ ಕವಂದ್ ಹೊಲಿಯುವಾಗ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರಲ್ಲ ಎಂದು ಕೇಳಬಹುದು. ಅದು ಕೈಹೊಲಿಗೆ. ಸೂಜಿಯ ಮುಂದೆ ಬಟ್ಟೆಯನ್ನು ತಳ್ಳುವ ಫೂಟ್ ಅಲ್ಲಿಲ್ಲ, ಹೆಚ್ಚಾದ ಬಟ್ಟೆಯನ್ನು ಅಂಗೈ ಆಗಿಂದಾಗ್ಗೆ ಸರಿಮಾಡುತ್ತದೆ. ಮಷಿನ್ನಿನಲ್ಲಿ ಹಾಗೆ ಮಾಡಿದರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಗುಡ್ಡೆಯಾಗುತ್ತದೆ.

ಸುಕ್ಕು ಯಾವಾಗ ಬಂತು ಎಂಬುದೇ ಅದರ ಕಾರಣ ಹೇಳುತ್ತದೆ. ಹೊಲಿಯುವಾಗಲೇ ಬಂದರೆ ಟೆನ್ಶನ್ ಬಿಗಿ, ಅಥವಾ ಪದರ ಜಾರಿದೆ. ಒಗೆದ ಮೇಲೆ ಬಂದರೆ ಒಂದು ಪದರ ಕುಗ್ಗಿದೆ. ಹೊಸ ಗಾಡಾ (ಒರಟು ಕಾಟನ್) ಬಟ್ಟೆಯನ್ನು ಒಗೆಯದೆ ತಳಕ್ಕೆ ಕೊಟ್ಟರೆ ಎರಡು ಮೀಟರಿಗೆ ಐದಾರು ಸೆಂ.ಮೀ. ಕುಗ್ಗಿ ಮೇಲಿನ ಸೀರೆ ಗುಳ್ಳೆಗುಳ್ಳೆಯಾಗುತ್ತದೆ. ಬಿಸಿನೀರಲ್ಲಿ ನೆನೆಸಿ ಒಣಗಿಸಿದ ಮೇಲೆ ಕತ್ತರಿಸಿ. ಪಾಲಿಯೆಸ್ಟರ್ ಸೀರೆಗೆ ಕಾಟನ್ ಸೀರೆ ಜೋಡಿಸುವುದೂ ಬೇಡ.

ಹೊಲಿಗೆಯ ಗುಂಟ ಹರಿಯುತ್ತಿದ್ದರೆ ಹೊಲಿಗೆ ತೀರಾ ಸಣ್ಣದು. ಸವೆದ ಬಟ್ಟೆಗೆ ಒತ್ತೊತ್ತು ಹೊಲಿಗೆ ಹಾಕುವುದೆಂದರೆ ಅಂಚೆಚೀಟಿಯ ಅಂಚಿನಂತೆ ತೂತು ಕೊರೆದ ಹಾಗೆ. ಇಂಚಿಗೆ ಏಳೆಂಟು ಹೊಲಿಗೆ, ಸಾಲಿನಿಂದ ಸಾಲಿಗೆ 3–4 ಸೆಂ.ಮೀ. ಇರಲಿ. ಸೀರೆಯನ್ನು ಮೊದಲೇ ಬೆಳಕಿಗೆ ಹಿಡಿದು ನೋಡಿ: ಕೂರುವ ಕಡೆಯ ಭಾಗ ಜಾಳಾಗಿರುತ್ತದೆ, ಒಳಸುತ್ತು ಮತ್ತು ಸೆರಗು ಗಟ್ಟಿ ಇರುತ್ತವೆ. ಎರಡು ಹೆಬ್ಬೆರಳು ಒತ್ತಿ ಜಗ್ಗಿದಾಗ ಚರ್ ಎಂದರೆ ಆ ಭಾಗ ಒಳಪದರಕ್ಕೆ.

ಬಣ್ಣ ಬಿಡುವುದನ್ನು ಹೊಲಿಯುವ ಮುಂಚೆಯೇ ನೋಡಿ. ಒದ್ದೆ ಬಿಳಿ ಬಟ್ಟೆಯನ್ನು ಅಂಚಿನ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಣ್ಣ ಅಂಟಿದರೆ ಅದನ್ನು ತಿಳಿಬಣ್ಣದ ಜೊತೆ ಸೇರಿಸಬೇಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯುವುದೇ ಲೇಸು.

ಜೀನ್ಸ್ ಚೀಲ: ಸೂಜಿ ಮುರಿಯುವುದು, ಹಿಡಿ ಕಿತ್ತುಬರುವುದು

ಸೂಜಿ ಮುರಿಯುವುದು ದಪ್ಪದ ಮೇಲಲ್ಲ, ದಪ್ಪಕ್ಕೆ ಹತ್ತುವ ಏರಿನಲ್ಲಿ. ಫೂಟಿನ ಮುಂಭಾಗ ಎತ್ತಿಕೊಂಡಾಗ ಬಟ್ಟೆ ಓರೆಯಾಗಿ ಸೂಜಿಯನ್ನು ಬಗ್ಗಿಸುತ್ತದೆ, ಸೂಜಿ ತಟ್ಟೆಗೆ ಬಡಿಯುತ್ತದೆ. ಗಟ್ಟಿ ಹೊಲಿಗೆಯ ಜಾಗವನ್ನು ಮೊದಲೇ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ. ಅಲ್ಲಿಗೆ ಬಂದಾಗ ಸೂಜಿ ಬಟ್ಟೆಯೊಳಗಿರುವಂತೆ ನಿಲ್ಲಿಸಿ ಫೂಟ್ ಎತ್ತಿ, ಅದೇ ದಪ್ಪಕ್ಕೆ ಮಡಚಿದ ಜೀನ್ಸ್ ಚೂರನ್ನು ಫೂಟಿನ ಹಿಂದೆ ತೂರಿಸಿ, ಫೂಟ್ ಸಮತಟ್ಟಾಗಿ ಕೂತಮೇಲೆ ಮುಂದಿನ ಏಳೆಂಟು ಹೊಲಿಗೆಯನ್ನು ಚಕ್ರ ಕೈಯಲ್ಲಿ ತಿರುಗಿಸಿ ಹಾಕಿ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ, ಮುರಿದ ಸೂಜಿಗಳಲ್ಲಿ ಬಹಳಷ್ಟು ಹೀಗೆ ಎಳೆದಿದ್ದಕ್ಕೇ ಮುರಿದಿರುತ್ತವೆ. ಎಂಟು ಪದರದ ಸೊಂಟಪಟ್ಟಿಯನ್ನು ಹೊಲಿಯುವ ಹಟ ಬೇಡ, ಕತ್ತರಿಸಿ ಬೇರೆ ಮಾಡಿ.

ಹಿಡಿ ಕಿತ್ತು ಬರುವುದು ದಾರ ಕಡಿದಲ್ಲ, ಚೀಲದ ಬಟ್ಟೆ ಹರಿದು. ಹಿಡಿಯ ತುದಿಯನ್ನು ಕನಿಷ್ಠ 4 ಸೆಂ.ಮೀ. ಕೆಳಗಿಳಿಸಿ, ಒಳಗಿನಿಂದ 6 ಸೆಂ.ಮೀ. ಚೌಕದ ತೇಪೆ ಕೊಟ್ಟು, ಚೌಕವಾಗಿ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಗೆರೆ ಹಾಕಿ.

ಟೀ-ಶರ್ಟ್ ಬಟ್ಟೆ

ಪಾಪ್ಲಿನ್ ಮೇಲೆ ಸರಿ, ಇದರ ಮೇಲೆ ಮಾತ್ರ ಹೊಲಿಗೆ ಬಿಟ್ಟರೆ ದುಂಡುಮೊನೆಯ, ಬಾಲ್‌ಪಾಯಿಂಟ್ ಸೂಜಿ ಹಾಕಿ. ಬಟ್ಟೆಯ ಕೆಳಗೆ ಅಚ್ಚಿಲ್ಲದ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ನ್ಯೂಸ್ ಪೇಪರ್ ಹಾಕಿದರೆ ಮಸಿ ಅಂಟುತ್ತದೆ. ಧರಿಸುವಾಗ ಹೊಲಿಗೆ ಪಟಪಟ ಬಿಟ್ಟರೆ, ನೇರ ಹೊಲಿಗೆ ಬಟ್ಟೆಯಷ್ಟು ಹಿಗ್ಗಲಿಲ್ಲ ಎಂದರ್ಥ. ಹೊಲಿಯುವಾಗ ಬಟ್ಟೆಯನ್ನು ಹಿಂದೆ ಮುಂದೆ ತುಸು ಹಿಗ್ಗಿಸಿ ಹಿಡಿಯಿರಿ.

ರಿಪೇರಿಯವರ ಬಳಿಗೆ ಯಾವಾಗ

ಹೊಸ ಸೂಜಿ ಸರಿಯಾಗಿ ಕೂತಿದೆ, ದಾರ ಸರಿಯಿದೆ, ಶಟಲ್ ಸ್ವಚ್ಛವಿದೆ, ಆದರೂ ಹೊಲಿಗೆಯೇ ಬೀಳುತ್ತಿಲ್ಲ ಎಂದರೆ ಟೈಮಿಂಗ್, ಅಂದರೆ ಸೂಜಿ ಮತ್ತು ಶಟಲ್ ಒಂದಕ್ಕೊಂದು ಸಂಧಿಸುವ ಹೊತ್ತು, ತಪ್ಪಿರಬಹುದು. ಅದರಲ್ಲೂ ಜೀನ್ಸ್ ಮೇಲೆ ಸೂಜಿ ಮುರಿದ ನಂತರ ಶುರುವಾಗಿದ್ದರೆ ಇದೇ ಅನುಮಾನ. ಪಕ್ಕದ ಜಾರುತಟ್ಟೆ ಸರಿಸಿ, ಚಕ್ರವನ್ನು ನಿಧಾನ ತಿರುಗಿಸಿ ನೋಡಿ: ಸೂಜಿ ತೀರಾ ಕೆಳಗೆ ಹೋಗಿ ಸುಮಾರು 2 ಮಿ.ಮೀ. ಮೇಲೇರುವಷ್ಟರಲ್ಲಿ ಶಟಲ್‌ನ ಮೊನೆ ಸೂಜಿಯ ಚಪ್ಪಟೆ ಬದಿಗೆ, ಕಣ್ಣಿಗಿಂತ ತುಸು ಮೇಲೆ ಬಂದಿರಬೇಕು. ಮೊನೆ ಕಣ್ಣಿನ ಕೆಳಗೆ ಹಾಯ್ದರೆ, ಅಥವಾ ಸೂಜಿಯಿಂದ ದೂರ ಹೋದರೆ, ಸೂಜಿ ಕಡ್ಡಿ ಜಾರಿದೆ ಇಲ್ಲವೇ ಶಟಲ್ ಸವೆದಿದೆ. ಶಟಲ್ ಬಿಡಿಯಾಗಿ ಸಿಗುತ್ತದೆ, ಹಳೆಯದನ್ನು ಒಯ್ದು ಅಳತೆ ನೋಡಿಯೇ ತನ್ನಿ. ಸೂಜಿ ಕಡ್ಡಿಯನ್ನು ಮಾತ್ರ ತಿಳಿದವರಿಂದಲೇ ಕೂರಿಸಿಕೊಳ್ಳಿ. ಹೋಗುವಾಗ ಕೆಂಪು-ಬಿಳಿ ದಾರದ ಪರೀಕ್ಷೆಯ ತುಂಡು, ನೀವು ಬಳಸುವ ಸೂಜಿ, ಬಾಬಿನ್ ಕೇಸ್ ಮೂರನ್ನೂ ಜೊತೆಗೆ ಒಯ್ಯಿರಿ, ಮತ್ತು ವಾಪಸ್ ತರುವ ಮೊದಲು ಅಲ್ಲೇ, ನಿಮ್ಮದೇ ಜೀನ್ಸ್ ಚೂರಿನ ಮೇಲೆ ಒಂದು ಸಾಲು ಹೊಲಿಸಿ ನೋಡಿ.